ಟವರ್ ಬೇಡ ಅನ್ನುವ ಮೊದಲು ಲೆಕ್ಕ ಕೇಳೋಣ

ಊರಿಗೆ ಮೊಬೈಲ್ ಟವರ್ ಬರುತ್ತದೆ ಅಂದಕೂಡಲೇ ಎರಡು ಗುಂಪು ಹುಟ್ಟಿಕೊಳ್ಳುತ್ತವೆ. ಒಂದು ಗುಂಪು ಮನವಿ ಪತ್ರ ಹಿಡಿದು ಶಾಸಕರ ಮನೆಗೆ ಹೋಗುತ್ತದೆ. ಇನ್ನೊಂದು ಗುಂಪು ‘ಟವರ್ ಬಂದರೆ ಕ್ಯಾನ್ಸರ್ ಬರುತ್ತದೆ, ಗುಬ್ಬಿ ಸಾಯುತ್ತವೆ, ಎಳೆ ಕಾಯಿ ಉದುರುತ್ತವೆ’ ಅಂತ ವಾಟ್ಸ್‌ಆಪ್‌ನಲ್ಲಿ ಹಂಚುತ್ತದೆ. ಹಂಚಲು ನೆಟ್‌ವರ್ಕ್ ಸಿಗದಿದ್ದರೆ ಗುಡ್ಡ ಹತ್ತಿಯಾದರೂ ಹಂಚುತ್ತದೆ.

ನಾವು ಎರಡನೇ ಗುಂಪಿನ ಜೊತೆ ಜಗಳಕ್ಕೆ ಇಳಿದಿದ್ದೇವೆ. ಅವರ ಕಾಳಜಿ ಸುಳ್ಳು ಅಂತ ಅಲ್ಲ. ಮಕ್ಕಳ ಆರೋಗ್ಯದ ಬಗ್ಗೆ ಹೆದರುವುದು ತಪ್ಪೂ ಅಲ್ಲ. ಆದರೆ ಹೆದರಿಕೆ ತಪ್ಪು ಜಾಗಕ್ಕೆ ಹೋಗಿ ನಿಂತಿದೆ. ಅದರಿಂದ ಲಾಭ ಬೇರೆಯವರಿಗೆ, ನಷ್ಟ ಊರಿಗೆ.

ಎಲ್ಲಾ ರೇಡಿಯೇಷನ್ ಒಂದೇ ಅಲ್ಲ

‘ರೇಡಿಯೇಷನ್’ ಅಂದರೆ ನಮ್ಮ ಕಣ್ಣ ಮುಂದೆ ಎಕ್ಸ್‌ರೇ, ಅಣುಬಾಂಬು ಬರುತ್ತವೆ. ಎಕ್ಸ್‌ರೇ ನಮ್ಮ ಜೀವಕೋಶದ ಒಳಗಿನ ಕಣಗಳನ್ನು ಒಡೆಯಬಲ್ಲದು. ಮೊಬೈಲ್ ಬಳಸುವುದು ರೇಡಿಯೋ ತರಂಗ. ಅದಕ್ಕೆ ಹಾಗೆ ಒಡೆಯುವ ಶಕ್ತಿ ಇಲ್ಲ. ಬಿಸಿಲಿನ ಬೆಳಕಿಗೆ ಇರುವಷ್ಟೂ ಇಲ್ಲ. ರೇಡಿಯೋ ತರಂಗ ಜೋರಾಗಿದ್ದರೆ ಮೈಯನ್ನು ಬಿಸಿ ಮಾಡುತ್ತದೆ. ಸರ್ಕಾರಗಳು ಹಾಕಿರುವ ಮಿತಿಗಳು ಮುಖ್ಯವಾಗಿ ಈ ಬಿಸಿಯನ್ನು ತಡೆಯಲಿಕ್ಕೆ.

ಟವರ್ ವಿಷಯದಲ್ಲಿ ನಮ್ಮ ದೇಶದ ಮಿತಿ ಬಿಗಿಯಾಗಿಯೇ ಇದೆ. ಐಸಿಎನ್‌ಐಆರ್‌ಪಿ ಅನ್ನುವ ಅಂತರರಾಷ್ಟ್ರೀಯ ಆಯೋಗ ಹೇಳಿದ ಮಿತಿಯ ಹತ್ತನೇ ಒಂದು ಭಾಗವನ್ನು ಭಾರತ 2012ರ ಸೆಪ್ಟೆಂಬರ್ 1ರಿಂದ ಜಾರಿಗೆ ತಂದಿತು. 900 ಮೆಗಾಹರ್ಟ್ಸ್ ತರಂಗಕ್ಕೆ ಅದು ಚದರ ಮೀಟರಿಗೆ 0.45 ವ್ಯಾಟ್. ನಡು ಮಧ್ಯಾಹ್ನ ಹೊಲದಲ್ಲಿ ನಿಂತವರ ಮೇಲೆ ಬೀಳುವ ಬಿಸಿಲು ಚದರ ಮೀಟರಿಗೆ ಸುಮಾರು 1000 ವ್ಯಾಟ್.

ದೂರದವರಿಗೆ ಕೂಗಬೇಕು, ಹತ್ತಿರದವರಿಗೆ ಪಿಸುಗುಟ್ಟಿದರೆ ಸಾಕು

ಗದ್ದೆಯ ಆಚೆ ಬದುವಿನಲ್ಲಿ ಇರುವವರನ್ನು ಕರೆಯಬೇಕಾದರೆ ಏನು ಮಾಡುತ್ತೀರಿ? ಗಂಟಲು ಹರಿಯುವ ಹಾಗೆ ಕೂಗುತ್ತೀರಿ. ಪಕ್ಕದಲ್ಲೇ ಕೂತಿದ್ದರೆ ಮೆಲ್ಲಗೆ ಹೇಳುತ್ತೀರಿ. ನಿಮ್ಮ ಫೋನ್ ಮಾಡುವುದೂ ಇದನ್ನೇ. ಟವರ್ ದೂರ ಇದ್ದರೆ, ನಡುವೆ ಗುಡ್ಡ ಇದ್ದರೆ, ಫೋನ್ ತನ್ನ ಪೂರ್ತಿ ಶಕ್ತಿ ಹಾಕಿ ತರಂಗ ಬಿಡುತ್ತದೆ. ಟವರ್ ಹತ್ತಿರ ಇದ್ದರೆ ಅದೇ ಫೋನ್ ನೂರಾರು ಪಟ್ಟು ಕಡಿಮೆ ಶಕ್ತಿಯಲ್ಲಿ ಕೆಲಸ ಮುಗಿಸುತ್ತದೆ. ಹಳೇ 2ಜಿ ಕೀಪ್ಯಾಡ್ ಸೆಟ್ ಜೋರಾಗಿ ಕೂಗಿದಾಗ 2 ವ್ಯಾಟ್‌ವರೆಗೆ ಹೋಗುತ್ತಿತ್ತು. 4ಜಿ ಫೋನ್ ಸಾಮಾನ್ಯವಾಗಿ 0.2 ವ್ಯಾಟ್ ದಾಟುವುದಿಲ್ಲ.

ಇದಕ್ಕೆ ಸಾಕ್ಷಿ ನಿಮ್ಮ ಕೈಯಲ್ಲೇ ಇದೆ. ನೆಟ್‌ವರ್ಕ್ ಸರಿಯಿಲ್ಲದ ಊರಿಗೆ ಹೋದಾಗ ಬ್ಯಾಟರಿ ಬೇಗ ಖಾಲಿಯಾಗುತ್ತದೆ, ಮಾತಾಡುತ್ತಾ ಇದ್ದರೆ ಫೋನ್ ಬಿಸಿಯಾಗುತ್ತದೆ. ಫೋನ್ ಕೂಗಿ ಕೂಗಿ ಸುಸ್ತಾಗುತ್ತಿದೆ ಅಂತ ಅರ್ಥ.

ಇನ್ನು ದೂರದ ಲೆಕ್ಕ. ಒಲೆಯಿಂದ ದೂರ ಸರಿದಷ್ಟೂ ಕಾವು ಕಡಿಮೆ. ತರಂಗವೂ ಹಾಗೆ, ದೂರ ಎರಡರಷ್ಟಾದರೆ ಬಲ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಟವರ್ ನಿಮ್ಮಿಂದ ನೂರಾರು ಅಡಿ ದೂರ, ಅದೂ ಎತ್ತರದಲ್ಲಿ ಇರುತ್ತದೆ. ಫೋನ್ ಕಿವಿಗೆ ಅಂಟಿಕೊಂಡಿರುತ್ತದೆ. ಮೊಬೈಲ್ ಬಳಸುವವರ ತಲೆಗೆ ಬೀಳುವ ತರಂಗದಲ್ಲಿ ದೊಡ್ಡ ಪಾಲು ಅವರ ಸ್ವಂತ ಫೋನಿನದು.

ಈಗ ಎರಡನ್ನೂ ಕೂಡಿಸಿ ನೋಡಿ. ‘ನಮ್ಮೂರಿಗೆ ಟವರ್ ಬೇಡ’ ಅಂತ ತಡೆದವರು, ದಿನಾ ಒಂದೇ ಕಡ್ಡಿ ಸಿಗ್ನಲ್‌ನಲ್ಲಿ ಅರ್ಧ ಗಂಟೆ ಮಾತಾಡಿ, ತಾವು ಯಾವುದಕ್ಕೆ ಹೆದರಿದರೋ ಅದನ್ನೇ ಕಿವಿಗೆ ಹೆಚ್ಚು ತಂದುಕೊಳ್ಳುತ್ತಿದ್ದಾರೆ.

‘ಡಬ್ಲ್ಯುಎಚ್‌ಒ ಹೇಳಿದೆ’ ಅನ್ನುವ ಫಾರ್ವರ್ಡ್

ಟವರ್ ವಿರೋಧಿಗಳು ತೋರಿಸುವ ದೊಡ್ಡ ಕಾಗದ ಒಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರ ಮೇ ತಿಂಗಳಲ್ಲಿ ರೇಡಿಯೋ ತರಂಗವನ್ನು ‘2ಬಿ’ ಪಟ್ಟಿಗೆ ಸೇರಿಸಿತು. ಇದು ನಿಜ. ಆದರೆ ಆ ಪಟ್ಟಿಯ ಅರ್ಥ ‘ಸಾಧ್ಯತೆ ತಳ್ಳಿಹಾಕಲಾಗದು, ಸಾಕ್ಷಿ ಸಾಲದು’ ಅಂತ. ಲೋಳೆಸರದ ಇಡೀ ಎಲೆಯ ಸಾರವೂ ಅದೇ ಪಟ್ಟಿಯಲ್ಲಿದೆ.

ಅದಕ್ಕಿಂತ ಒಂದು ಮೆಟ್ಟಿಲು ಮೇಲೆ, ‘2ಎ’ ಪಟ್ಟಿಯಲ್ಲಿ, ಮನೆಯೊಳಗಿನ ಸೌದೆ ಒಲೆಯ ಹೊಗೆ ಇದೆ. ಎಲ್ಲಕ್ಕಿಂತ ಮೇಲೆ, ಕ್ಯಾನ್ಸರ್ ತರುವುದು ಖಚಿತ ಅನ್ನುವ ಒಂದನೇ ಪಟ್ಟಿಯಲ್ಲಿ, ತಂಬಾಕು ಇದೆ, ಸಾರಾಯಿ ಇದೆ, ಅಡಿಕೆಯೂ ಇದೆ. ಬೆಳೆಗಾರರು ಬೇಸರ ಮಾಡಿಕೊಂಡರೂ ಇರುವುದನ್ನು ಹೇಳಲೇಬೇಕು. ಬಾಯಲ್ಲಿ ಗುಟ್ಕಾ ತುಂಬಿಕೊಂಡು ಟವರ್ ವಿರುದ್ಧ ಭಾಷಣ ಮಾಡುವವರು ಈ ಪಟ್ಟಿಯನ್ನು ಪೂರ್ತಿ ಓದಲಿ. ಅಡುಗೆ ಮನೆಯಲ್ಲಿ ಹೊಗೆ ಕುಡಿಯುವ ಅಮ್ಮಂದಿರ ಬಗ್ಗೆ ಯಾವ ಗ್ರಾಮಸಭೆಯಲ್ಲಿ ಇಷ್ಟು ಗಲಾಟೆ ಆಗಿದೆ?

2011ರ ನಂತರ ಸಂಶೋಧನೆ ನಿಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೇ ಕೇಳಿ ಮಾಡಿಸಿದ ಒಂದು ದೊಡ್ಡ ಪರಿಶೀಲನೆ 2024ರಲ್ಲಿ ಪ್ರಕಟವಾಯಿತು. 1994ರಿಂದ 2022ರವರೆಗೆ ಜನರ ಮೇಲೆ ನಡೆದ 63 ಅಧ್ಯಯನಗಳನ್ನು ಅದು ಜಾಲಾಡಿತು. ಹತ್ತು ವರ್ಷಕ್ಕೂ ಹೆಚ್ಚು ಮೊಬೈಲ್ ಬಳಸಿದವರಲ್ಲೂ ಮೆದುಳಿನ ಕ್ಯಾನ್ಸರ್ ಹೆಚ್ಚಿದ ಸೂಚನೆ ಸಿಗಲಿಲ್ಲ.

‘ಇಲಿಗಳಿಗೆ ಗೆಡ್ಡೆ ಬಂತಲ್ಲ?’ ಅಂತ ಕೇಳುವವರಿದ್ದಾರೆ. ಬಂತು. 2018ರಲ್ಲಿ ಅಮೆರಿಕದ ಸರ್ಕಾರಿ ಸಂಶೋಧನೆಯಲ್ಲಿ ಗಂಡು ಇಲಿಗಳ ಹೃದಯದಲ್ಲಿ ಗೆಡ್ಡೆ ಕಂಡವು. ದಿನಕ್ಕೆ ಒಂಬತ್ತು ಗಂಟೆ, ಎರಡು ವರ್ಷ, ಇಡೀ ಮೈಗೆ, ನಮ್ಮ ಫೋನ್ ಮಿತಿಗಿಂತ ಹೆಚ್ಚಿನ ಮಟ್ಟದವರೆಗೂ ತರಂಗ ಹಾಯಿಸಿದ ಮೇಲೆ. ಅದಕ್ಕೇ ನಾವು ‘ಏನೂ ಆಗುವುದಿಲ್ಲ, ಹೇಗಾದರೂ ಬಳಸಿ’ ಅನ್ನುತ್ತಿಲ್ಲ. ಸುಮ್ಮನೆ ಎಚ್ಚರ ವಹಿಸಲು ಕಾಸು ಖರ್ಚಿಲ್ಲ.

2017ರಲ್ಲಿ ಗ್ವಾಲಿಯರ್‌ನ ಒಂದು ಟವರ್ ನಿಲ್ಲಿಸಲು ಸುಪ್ರೀಂ ಕೋರ್ಟ್ ಹೇಳಿದ್ದೂ ನಿಜ. ಕ್ಯಾನ್ಸರ್ ಬಂದ ಒಬ್ಬ ಮನೆಕೆಲಸದವರ ದೂರಿನ ಮೇಲೆ ಒಂದು ಟವರ್‌ಗೆ ಕೊಟ್ಟ ಆದೇಶ ಅದು. ಅದನ್ನು ‘ಟವರ್‌ನಿಂದ ಕ್ಯಾನ್ಸರ್ ಅಂತ ಸುಪ್ರೀಂ ಕೋರ್ಟೇ ಹೇಳಿದೆ’ ಅಂತ ಹಂಚುವುದು ಮೋಸ.

ಹೆದರಿಕೆಯ ಅಂಗಡಿ

ನಾಲ್ಕು ಮೊಬೈಲ್ ಸುತ್ತ ಇಟ್ಟು, ನಡುವೆ ಜೋಳದ ಕಾಳು ಹಾಕಿದರೆ ಪಾಪ್‌ಕಾರ್ನ್ ಆಗುವ ವಿಡಿಯೋ ನೀವೂ ನೋಡಿರಬಹುದು. ಅದು 2008ರಲ್ಲಿ ಬ್ಲೂಟೂತ್ ಹೆಡ್‌ಸೆಟ್ ಮಾರುವ ಕಂಪನಿಯೊಂದು ಮಾಡಿದ ಜಾಹೀರಾತು. ಇವತ್ತಿಗೂ ಅದನ್ನು ವಿಜ್ಞಾನ ಅಂತ ಹಂಚುವವರಿದ್ದಾರೆ.

2020ರ ಅಕ್ಟೋಬರ್‌ನಲ್ಲಿ ಕೇಂದ್ರದ ಕಾಮಧೇನು ಆಯೋಗದ ಅಧ್ಯಕ್ಷರೇ ಸಗಣಿಯ ಚಿಪ್ ಬಿಡುಗಡೆ ಮಾಡಿ, ಫೋನಿಗೆ ಅಂಟಿಸಿದರೆ ರೇಡಿಯೇಷನ್ ಕಡಿಮೆ ಆಗುತ್ತದೆ ಅಂದರು. ನೂರಾರು ವಿಜ್ಞಾನಿಗಳು ‘ಪುರಾವೆ ಕೊಡಿ’ ಅಂತ ಕೇಳಿದರು. ಸಗಣಿಯ ಬಗ್ಗೆ ನಮಗಿಂತ ಚೆನ್ನಾಗಿ ಗೊತ್ತಿರುವವರು ಯಾರು? ತಿಪ್ಪೆಗೆ ಹಾಕಿ, ಗೊಬ್ಬರ ಆಗುತ್ತದೆ. ಫೋನಿಗೆ ಅಂಟಿಸುವ ಯಾವ ಸ್ಟಿಕರೂ ತರಂಗ ನುಂಗುವುದಿಲ್ಲ. ಒಂದು ವೇಳೆ ಸಿಗ್ನಲ್‌ಗೆ ಅಡ್ಡ ಬಂದರೆ, ಫೋನ್ ಇನ್ನೂ ಜೋರಾಗಿ ಕೂಗುತ್ತದೆ ಅಷ್ಟೇ.

ಇದೇ ಟವರ್ ಹೆಸರಿನಲ್ಲಿ ಇನ್ನೊಂದು ವ್ಯಾಪಾರ ಇದೆ. ‘ನಿಮ್ಮ ಜಮೀನಿನಲ್ಲಿ ಟವರ್ ಹಾಕುತ್ತೇವೆ, ತಿಂಗಳಿಗೆ ಇಷ್ಟು ಸಾವಿರ ಬಾಡಿಗೆ, ಮೊದಲು ಠೇವಣಿ ಕಟ್ಟಿ’ ಅಂತ ಕರೆ ಬರುತ್ತದೆ. ಟ್ರಾಯ್ ಹೆಸರಿನ ಪತ್ರವನ್ನೂ ಕಳಿಸುತ್ತಾರೆ. ಟ್ರಾಯ್ ಅಂಥ ಯಾವ ಪತ್ರವನ್ನೂ ಕೊಡುವುದಿಲ್ಲ. ಟವರ್ ಹಾಕುವವರು ನಿಮಗೆ ಹಣ ಕೊಡಬೇಕೇ ಹೊರತು ನಿಮ್ಮಿಂದ ಕೇಳುವುದಿಲ್ಲ. ಕೇಳಿದರೆ ಫೋನ್ ಕಟ್ ಮಾಡಿ, ಸೈಬರ್ ಸಹಾಯವಾಣಿ 1930ಕ್ಕೆ ದೂರು ಕೊಡಿ.

ಇಲಾಖೆಗೂ ಕಂಪನಿಗೂ ನಾಲ್ಕು ಮಾತು

ಜನರಿಗೆ ‘ಹೆದರಬೇಡಿ’ ಅಂತ ಹೇಳುವ ಹಕ್ಕು ಲೆಕ್ಕ ಕೊಡುವವರಿಗೆ ಮಾತ್ರ ಇದೆ. ಟವರ್ ಮಿತಿಯೊಳಗೆ ಇದೆ ಅಂತ ಮೊದಲು ಪ್ರಮಾಣಪತ್ರ ಕೊಡುವುದು ಕಂಪನಿಯೇ. ಇಲಾಖೆ ಅದರಲ್ಲಿ ಒಂದು ಪಾಲನ್ನಷ್ಟೇ ಹೋಗಿ ಅಳೆಯುತ್ತದೆ. ದೂರಸಂಪರ್ಕ ಇಲಾಖೆ 2017ರಲ್ಲಿ ‘ತರಂಗ್ ಸಂಚಾರ್’ ಅನ್ನುವ ವೆಬ್‌ಸೈಟ್ ತೆರೆಯಿತು. ಹತ್ತಿರದ ಟವರ್ ಯಾವುದು, ಮಿತಿಯೊಳಗೆ ಇದೆಯೇ ಅಂತ ಅಲ್ಲಿ ನೋಡಬಹುದು. ನಮ್ಮ ಮನೆ ಹತ್ತಿರ ಬಂದು ಅಳೆಯಿರಿ ಅಂತಲೂ ಕೇಳಬಹುದು. ಆದರೆ ಅದಕ್ಕೆ ನಿಗದಿ ಮಾಡಿದ ಶುಲ್ಕ 4000 ರೂಪಾಯಿ.

ಕರ್ನಾಟಕದಲ್ಲಿ 2025–26ರ ನರೇಗಾ ದಿನಗೂಲಿ 370 ರೂಪಾಯಿ. ಅಂದರೆ ಒಬ್ಬ ಕೂಲಿಕಾರ್ಮಿಕರಿಗೆ ಒಂದು ಅನುಮಾನ ಪರಿಹರಿಸಿಕೊಳ್ಳಲು ಹನ್ನೊಂದು ದಿನದ ದುಡಿಮೆ ಬೇಕು. ಇದು ಯಾವ ನ್ಯಾಯ? ಗ್ರಾಮಸಭೆ ನಿರ್ಣಯ ಮಾಡಿ ಕೇಳಿದರೆ ಉಚಿತವಾಗಿ ಬಂದು ಅಳೆಯಬೇಕು. ಬಂದ ಅಂಕಿಯನ್ನು ಕನ್ನಡದಲ್ಲಿ ಪಂಚಾಯಿತಿ ಗೋಡೆಯ ಮೇಲೆ ಬರೆಯಬೇಕು.

ಅಳೆದರೆ ಏನು ಪ್ರಯೋಜನ ಅಂತ ಕೇಳಬೇಡಿ. ಫ್ರಾನ್ಸ್ 2023ರ ಸೆಪ್ಟೆಂಬರ್‌ನಲ್ಲಿ ಅಂಗಡಿಯಿಂದ ಐಫೋನ್ 12 ತಂದು ಪರೀಕ್ಷೆ ಮಾಡಿತು. ಕೈಯಲ್ಲಿ ಹಿಡಿದಾಗಿನ ಮಿತಿ ಕಿಲೋಗೆ 4 ವ್ಯಾಟ್ ಇದ್ದಲ್ಲಿ 5.74 ಬಂತು. ಮಾರಾಟ ನಿಲ್ಲಿಸಿತು. ಅಷ್ಟು ದೊಡ್ಡ ಕಂಪನಿಯೂ ಸಾಫ್ಟ್‌ವೇರ್ ಸರಿಮಾಡಿ ಕೊಟ್ಟಿತು.

ಇನ್ನೊಂದು ಮಾತು. 2023ರ ಜನವರಿಯಿಂದ ನರೇಗಾ ಹಾಜರಿಯನ್ನು ಆಪ್‌ನಲ್ಲಿ ಫೋಟೋ ತೆಗೆದು ಹಾಕುವುದು ಕಡ್ಡಾಯ ಆಯಿತು. ರೇಷನ್ ಅಂಗಡಿಯಲ್ಲಿ ಬೆರಳಚ್ಚು ಕೊಡಲೂ ನೆಟ್‌ವರ್ಕ್ ಬೇಕು. ಕೂಲಿ, ಅಕ್ಕಿ ಎರಡನ್ನೂ ಸಿಗ್ನಲ್‌ಗೆ ಕಟ್ಟಿಹಾಕಿದ ಸರ್ಕಾರ, ಸಿಗ್ನಲ್ ಕೊಡುವಾಗ ಕೈ ಬಿಗಿ ಹಿಡಿಯುತ್ತದೆ. ಲಾಕ್‌ಡೌನ್ ಕಾಲದಲ್ಲಿ ಮಲೆನಾಡಿನ ಮಕ್ಕಳು ಮಳೆಯಲ್ಲಿ ಕೊಡೆ ಹಿಡಿದು ಗುಡ್ಡದ ಮೇಲೆ ಪಾಠ ಕೇಳಿದರು. ಹಾವು ಕಚ್ಚಿದ ರಾತ್ರಿ 108ಕ್ಕೆ ಕರೆ ಹೋಗದ ಊರಿನಲ್ಲಿ ತರಂಗದ ಹೆದರಿಕೆ ಮಾತಾಡುವುದು ಹೇಗೆ?

ಇವತ್ತೇ ಮಾಡಬಹುದಾದ್ದು

ನಿಮ್ಮ ಫೋನಿನಲ್ಲಿ *#07# ಒತ್ತಿ ನೋಡಿ. ‘ಎಸ್‌ಎಆರ್’ ಅಂತ ಒಂದು ಅಂಕಿ ಬರುತ್ತದೆ. ತಲೆ ಎಷ್ಟು ತರಂಗ ಹೀರಬಹುದು ಅನ್ನುವ ಅಳತೆ ಅದು. ಭಾರತದ ಮಿತಿ ಕಿಲೋಗೆ 1.6 ವ್ಯಾಟ್. ಬಾರದಿದ್ದರೆ ಡಬ್ಬಿಯ ಮೇಲೆ ಹುಡುಕಿ. ಎಲ್ಲೂ ಇಲ್ಲದ ಫೋನನ್ನು ಸಂತೆಯಲ್ಲಿ ಅಗ್ಗ ಅಂತ ಕೊಳ್ಳಬೇಡಿ.

ಉದ್ದ ಮಾತಿದ್ದರೆ ಸ್ಪೀಕರ್ ಹಾಕಿ ಅಥವಾ ವೈರ್ ಇಯರ್‌ಫೋನ್ ಬಳಸಿ. ಒಂದೇ ಕಡ್ಡಿ ಸಿಗ್ನಲ್ ಇದ್ದರೆ ವಿಷಯ ಹೇಳಿ ಇಟ್ಟುಬಿಡಿ, ಉಳಿದದ್ದು ಮೆಸೇಜ್ ಮಾಡಿ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡ ಹಿರಿಯರು ಅಂಗಿಯ ಎಡ ಜೇಬಿನಲ್ಲಿ ಫೋನ್ ಇಡಬಾರದು, ಅರ್ಧ ಅಡಿಯಾದರೂ ದೂರ ಇರಲಿ. ಮಕ್ಕಳ ದಿಂಬಿನ ಕೆಳಗೆ ಫೋನ್ ಬೇಡ. ಅಲ್ಲಿ ತರಂಗಕ್ಕಿಂತ ಮೊದಲು ಹೆದರಬೇಕಾದ್ದು ಬ್ಯಾಟರಿಗೆ.

ಹೆಲ್ಮೆಟ್ ಸಂದಿಯಲ್ಲಿ ಫೋನ್ ಸಿಕ್ಕಿಸಿಕೊಂಡು ಬೈಕ್ ಓಡಿಸುವ ಅಣ್ಣಂದಿರೇ, ನಿಮ್ಮ ಜೀವಕ್ಕೆ ಆ ಫೋನಿನ ತರಂಗ ಅಪಾಯವಲ್ಲ. ಎದುರಿನಿಂದ ಬರುವ ಲಾರಿ ಅಪಾಯ.

ಮುಂದಿನ ಗ್ರಾಮಸಭೆಗೆ ಹೋಗುವಾಗ ‘ಟವರ್ ಬೇಡ’ ಅನ್ನುವ ಅರ್ಜಿ ಬದಲು ಮೂರು ಪ್ರಶ್ನೆ ಬರೆದುಕೊಂಡು ಹೋಗಿ. ನಮ್ಮೂರಿನ ಟವರ್ ಕೊನೆಯ ಬಾರಿ ಅಳೆದದ್ದು ಯಾವಾಗ? ಬಂದ ಅಂಕಿ ಎಷ್ಟು? ಟವರ್ ಇಲ್ಲದ ನಮ್ಮ ಹಾಡಿ, ತಾಂಡಾ, ಹಟ್ಟಿಗಳಿಗೆ ಸಿಗ್ನಲ್ ಯಾವಾಗ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಅದರ ಫೋಟೋ ನಮಗೆ ಕಳಿಸಿ. ನಾವು ಪ್ರಕಟಿಸುತ್ತೇವೆ.