ಒಂದು ದೊಡ್ಡ ಕಣ್ಣೋ, ಐದು ಸಣ್ಣ ಕಣ್ಣೋ?

ನಮ್ಮ ಬಳಗದ ಮುಂದಿನ ಸಭೆಯಲ್ಲಿ ಒಂದು ಸಣ್ಣ ವಿಷಯ ತೀರ್ಮಾನವಾಗಬೇಕಿದೆ. ದಾಖಲಾತಿಗೆಂದು ಸದಸ್ಯರು ಕೂಡಿಸಿದ 25 ಸಾವಿರ ರೂಪಾಯಿಯಲ್ಲಿ ಯಾವ ಕ್ಯಾಮೆರಾ ಕೊಳ್ಳಬೇಕು ಎಂಬುದೇ ಆ ವಿಷಯ. ಪರಿಚಿತರೊಬ್ಬರು ತಮ್ಮ ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾವನ್ನು ಎರಡು ಲೆನ್ಸ್‌ಗಳ ಸಮೇತ ಆ ಮೊತ್ತಕ್ಕೆ ಕೊಡಲು ಒಪ್ಪಿದ್ದಾರೆ. ಅಂಗಿಯ ಜೇಬಿನಲ್ಲಿ ಹಿಡಿಯುವ ಕಾಂಪ್ಯಾಕ್ಟ್ ಡಿಜಿಟಲ್ ಕ್ಯಾಮೆರಾವೇ ಸಾಕೆಂಬುದು ಇನ್ನು ಕೆಲವರ ವಾದ. ಹಿಂದಿನ ಸಭೆಯಲ್ಲಿ ನಾನು ಡಿಎಸ್‌ಎಲ್‌ಆರ್ ಪರವಾಗಿ ಬಲವಾಗಿಯೇ ಮಾತನಾಡಿದ್ದೆ. ಈಗ ಆ ಅಭಿಪ್ರಾಯವನ್ನು ಬದಲಿಸಿಕೊಂಡಿದ್ದೇನೆ. ಏಕೆಂಬುದನ್ನು ಸಭೆಗೆ ಮೊದಲೇ ತಿಳಿಸುವುದು ನನ್ನ ಕರ್ತವ್ಯ.

ಮೊದಲಿಗೆ, ನಮಗೆ ಕ್ಯಾಮೆರಾ ಏಕೆ ಬೇಕಾಯಿತು ಎಂಬುದನ್ನು ನೆನಪಿಸಿಕೊಳ್ಳೋಣ. ಎರಡು ವರ್ಷಗಳ ಹಿಂದೆ ಕಾಫಿ ಕೊಯ್ಲಿನ ಕಾಲದಲ್ಲಿ ನಮ್ಮ ಹಳ್ಳದ ನೀರು ಕಂದಾಗಿ, ಹುಳಿನಾತ ಹೊಡೆದು, ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ಕಾಫಿ ಹಣ್ಣಿನ ಸಿಪ್ಪೆ ಸುಲಿದ ನೀರನ್ನು ಸಂಸ್ಕರಿಸದೆ ಹರಿಯಬಿಟ್ಟರೆ ಅದರಲ್ಲಿರುವ ಸಕ್ಕರೆ ಮತ್ತು ಪೆಕ್ಟಿನ್ ಕೊಳೆಯುವಾಗ ನೀರಿನ ಆಮ್ಲಜನಕವೆಲ್ಲ ಖರ್ಚಾಗುತ್ತದೆ. ಮೀನು ಉಸಿರುಕಟ್ಟಿ ಸಾಯುತ್ತದೆ. ಆ ದಿನ ಸದಸ್ಯರೊಬ್ಬರ ಸ್ವಂತ ಡಿಎಸ್‌ಎಲ್‌ಆರ್ ಹಳ್ಳದಿಂದ 14 ಕಿಲೋಮೀಟರ್ ದೂರದ ಮನೆಯಲ್ಲಿ, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಭದ್ರವಾಗಿತ್ತು. ಅದು ಮರುದಿನ ಮಧ್ಯಾಹ್ನ ಬರುವ ಹೊತ್ತಿಗೆ ಹಳ್ಳ ತಿಳಿಯಾಗಿತ್ತು. ಒಬ್ಬ ಹುಡುಗ ಮೊಬೈಲಿನಲ್ಲಿ ಹಿಡಿದ ಚಿತ್ರವೇನೋ ಇತ್ತು. ಆದರೆ ಅದು ವಾಟ್ಸ್‌ಆ್ಯಪ್‌ನಲ್ಲಿ ಕೈಯಿಂದ ಕೈಗೆ ದಾಟುವಷ್ಟರಲ್ಲಿ ಕುಗ್ಗಿ, ದಿನಾಂಕದ ಗುರುತನ್ನೂ ಕಳೆದುಕೊಂಡಿತ್ತು. ಮೂಲ ಚಿತ್ರವನ್ನು ಅವನು ಜಾಗ ಸಾಲದೆಂದು ಅಳಿಸಿದ್ದ. ನಾವು ದೂರು ಕೊಟ್ಟ ಕಚೇರಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಇದು ಯಾವ ದಿನದ್ದು, ಎಲ್ಲಿಯದು? ನಮ್ಮಲ್ಲಿ ಉತ್ತರವಿರಲಿಲ್ಲ. ದೂರು ಅಲ್ಲಿಗೇ ನಿಂತಿತು.

ಆದ್ದರಿಂದ ಯಾವ ಕ್ಯಾಮೆರಾ ಚೆಲುವಾದ ಚಿತ್ರ ಕೊಡುತ್ತದೆ ಎಂಬುದಕ್ಕಿಂತ, ಯಾವುದು ಘಟನೆ ನಡೆದ ಜಾಗದಲ್ಲಿ, ಆ ಗಳಿಗೆಯಲ್ಲಿ ಇರುತ್ತದೆ ಎಂಬುದನ್ನೇ ನಾವು ಕೇಳಿಕೊಳ್ಳಬೇಕು.

ಗುತ್ತಲಿನ ಕಬ್ಬಿನ ಗದ್ದೆಯಲ್ಲಿ

ಕಳೆದ ಫೆಬ್ರವರಿಯಲ್ಲಿ ಕೆಲಸದ ನಿಮಿತ್ತ ಘಟ್ಟದಿಂದಿಳಿದು ಮಂಡ್ಯಕ್ಕೆ ಹೋಗಬೇಕಾಯಿತು. ಮಾರಾಟಕ್ಕಿರುವ ಡಿಎಸ್‌ಎಲ್‌ಆರ್ ಅನ್ನು ಎರವಲು ಪಡೆದು, ಜೊತೆಗೆ ನಮ್ಮ ಮನೆಯ ಕಪಾಟಿನಲ್ಲಿ ವರ್ಷಗಳಿಂದ ಮಲಗಿದ್ದ ಒಂದು ಕಾಂಪ್ಯಾಕ್ಟನ್ನೂ ಹಿಡಿದುಕೊಂಡು ಹೊರಟೆ. ಎರಡನ್ನೂ ಒಂದೇ ಕೆಲಸಕ್ಕೆ ಹಚ್ಚಿ ನೋಡುವ ಉದ್ದೇಶ ನನ್ನದಾಗಿತ್ತು.

ಡಿಎಸ್‌ಎಲ್‌ಆರ್ ಇರುವುದು ನಿಕಾನ್ ಡಿ90. ಇದು 2008ರಲ್ಲಿ ಮಾರುಕಟ್ಟೆಗೆ ಬಂದ, 12.3 ಮೆಗಾಪಿಕ್ಸೆಲ್‌ನ, ವಿಡಿಯೊ ಚಿತ್ರಿಸಬಲ್ಲ ಮೊದಲ ಡಿಎಸ್‌ಎಲ್‌ಆರ್. ಅದರ ಸಾಮರ್ಥ್ಯವನ್ನು ಕಡೆಗಣಿಸುವಂತಿಲ್ಲ. ಬೆಳಕನ್ನು ಹಿಡಿಯುವ ಸೆನ್ಸರ್ ಫಲಕ ಇದರಲ್ಲಿ 23.6 ಮಿ.ಮೀ. ಅಗಲ, 15.8 ಮಿ.ಮೀ. ಎತ್ತರ. ಸಾಮಾನ್ಯ ಕಾಂಪ್ಯಾಕ್ಟ್‌ಗಳಲ್ಲಿ ಅದೇ ಫಲಕ ಸುಮಾರು 6.2 ಮತ್ತು 4.6 ಮಿ.ಮೀ. ಮಾತ್ರ. ಅಂದರೆ ವಿಸ್ತೀರ್ಣದಲ್ಲಿ ಹದಿಮೂರು ಪಟ್ಟು ವ್ಯತ್ಯಾಸ. ಹೊಲದ ವಿಸ್ತೀರ್ಣ ಹೆಚ್ಚಿದಷ್ಟೂ ಬೀಳುವ ಮಳೆ ಹೆಚ್ಚು ಎಂಬಂತೆ, ಫಲಕ ದೊಡ್ಡದಾದಷ್ಟೂ ಅದು ಸಂಗ್ರಹಿಸುವ ಬೆಳಕು ಹೆಚ್ಚು. ಮುಸ್ಸಂಜೆಯಲ್ಲಿ, ಕಾಡಿನ ನೆರಳಿನಲ್ಲಿ ಕಾಂಪ್ಯಾಕ್ಟ್‌ನ ಚಿತ್ರ ರವೆ ಚೆಲ್ಲಿದಂತೆ ಕಂಡರೆ ಡಿಎಸ್‌ಎಲ್‌ಆರ್‌ನದು ನಯವಾಗಿರುವುದಕ್ಕೆ ಇದೇ ಕಾರಣ. ಗುಂಡಿ ಒತ್ತಿದ ಕ್ಷಣವೇ ಚಿತ್ರ ಸೆರೆಯಾಗುವುದು ಇನ್ನೊಂದು ಅನುಕೂಲ.

ಮಂಡ್ಯ ನಗರದ ಅಂಚಿನಲ್ಲಿರುವ ಗುತ್ತಲು ಈಗ ಊರೂ ಹೌದು, ಪೇಟೆಯೂ ಹೌದು. ಅರ್ಕೇಶ್ವರ ದೇವಾಲಯದ ಈ ಊರಿನ ಸುತ್ತ ನಾಲೆಯ ನೀರಿನ ಗದ್ದೆಗಳೂ ಹೊಸ ಬಡಾವಣೆಗಳೂ ಒಂದನ್ನೊಂದು ಒತ್ತರಿಸಿ ನಿಂತಿವೆ. ಅಲ್ಲಿನ ಒಬ್ಬ ರೈತರ ಕಬ್ಬಿನಲ್ಲಿ ಅಲ್ಲೊಂದು ಇಲ್ಲೊಂದು ಗರಿಯ ಅಡಿಭಾಗಕ್ಕೆ ಬಿಳಿ ಉಣ್ಣೆ ಹೇನು ಹತ್ತಿತ್ತು. 2002ರಲ್ಲಿ ಮಹಾರಾಷ್ಟ್ರದ ಸಾಂಗ್ಲಿ ಭಾಗದಲ್ಲಿ ದೊಡ್ಡ ಪ್ರಮಾಣದಲ್ಲಿ ಕಾಣಿಸಿಕೊಂಡು ಕರ್ನಾಟಕದ ಕಬ್ಬಿನ ಸೀಮೆಗೂ ಹಬ್ಬಿದ ಕೀಟವಿದು. ಅದನ್ನು ಹತೋಟಿಗೆ ತರುವಲ್ಲಿ ವಿಷಕ್ಕಿಂತ ಹೆಚ್ಚು ನೆರವಾದದ್ದು ಅದನ್ನೇ ತಿಂದು ಬದುಕುವ ಜೀವಿಗಳು: ಡೈಫಾ ಎಂಬ ಪತಂಗದ ಮರಿಹುಳು, ಮೈಕ್ರೋಮಸ್ ಎಂಬ ಕಂದು ಜಾಲರೆಕ್ಕೆಯ ಕೀಟ, ಎನ್‌ಕಾರ್ಸಿಯಾ ಎಂಬ ಅತಿಸಣ್ಣ ಕಣಜ. ಇವು ನೆಲೆನಿಂತ ಗದ್ದೆಗೆ ಔಷಧಿ ಹೊಡೆದರೆ ಮಿತ್ರನೂ ಶತ್ರುವೂ ಒಟ್ಟಿಗೇ ಸಾಯುತ್ತಾರೆ.

ಆ ರೈತರು ಸಿಂಪರಣೆಗೆ ಡಬ್ಬಿ ತುಂಬಿ ಸಿದ್ಧರಾಗಿದ್ದರು. ಹೇನಿನ ಜೊತೆಗೆ ಬೇರೆ ಜಾತಿಯ ಹುಳುವೂ ಸೇರಿಕೊಂಡಿದೆ ಎಂಬುದು ಅವರ ಆತಂಕ. ನಾನು ಮೊದಲು ಡಿ90 ಎತ್ತಿದೆ. ಅದರ ಜೊತೆಗಿರುವ 18-105 ಲೆನ್ಸ್ 45 ಸೆಂಟಿಮೀಟರಿಗಿಂತ ಹತ್ತಿರದ್ದನ್ನು ಸ್ಪಷ್ಟವಾಗಿ ಹಿಡಿಯದು. 70-300 ಲೆನ್ಸಿಗಂತೂ ಒಂದೂವರೆ ಮೀಟರ್ ದೂರ ಬೇಕು. ಕಬ್ಬಿನ ಸಾಲುಗಳ ನಡುವೆ ಗರಿ ಕೊಯ್ಯಿಸಿಕೊಳ್ಳುತ್ತ ಹಿಂದೆ ಸರಿಯಲು ಜಾಗವೆಲ್ಲಿ? ಎರಡು ಮಿಲಿಮೀಟರಿನ ಹೇನು ಚಿತ್ರದಲ್ಲಿ ಸುಣ್ಣದ ಚುಕ್ಕೆಯಾಯಿತೇ ಹೊರತು ಕೀಟವಾಗಲಿಲ್ಲ. ಹತ್ತಿರದ ಚಿತ್ರಕ್ಕೆಂದೇ ಮ್ಯಾಕ್ರೊ ಲೆನ್ಸ್‌ಗಳಿವೆ, ನಿಜ. ಆದರೆ ಅದು ನಮ್ಮ 25 ಸಾವಿರದೊಳಗಿನ ಮಾತಲ್ಲ. ಪಕ್ಕದಲ್ಲಿ ನಿಂತಿದ್ದ ರೈತರು ಕೇಳಿದರು: “ಏನ್ ಸಾ, ಇಷ್ಟು ದೊಡ್ಡದಿದ್ರೂ ಹತ್ರದ್ದು ಕಾಣಾಕಿಲ್ವಾ ಇದ್ಕೆ?”

ಕಾಂಪ್ಯಾಕ್ಟನ್ನು ಗರಿಯಿಂದ ಮೂರು ಸೆಂಟಿಮೀಟರ್ ದೂರಕ್ಕೆ ಒಡ್ಡಿದೆ. ಸಣ್ಣ ಫಲಕಕ್ಕೆ ಸಣ್ಣ ನಾಭಿದೂರದ ಲೆನ್ಸ್ ಸಾಕಾಗುತ್ತದೆ. ಅದರಿಂದಾಗಿ ಹಿಂದುಮುಂದಿನ ವಸ್ತುಗಳು ಒಟ್ಟಿಗೇ ಸ್ಪಷ್ಟವಾಗಿ ಮೂಡುತ್ತವೆ. ದೊಡ್ಡ ಬೆಳಕಿಗೆ ದೌರ್ಬಲ್ಯವಾದದ್ದು ಇಲ್ಲಿ ಅನುಕೂಲವಾಗಿ ಪರಿಣಮಿಸಿತು. ಹಿಂಬದಿಯ ಪರದೆಯ ಮೇಲೆ ಚಿತ್ರವನ್ನು ಹಿಗ್ಗಿಸಿ ತೋರಿಸಿದೆ. ಕದಿರಿನಂತೆ ಎರಡೂ ತುದಿ ಚೂಪಾದ ಒಂದು ಕಂದು ಮರಿಹುಳು ಹೇನೊಂದನ್ನು ಕೊಂಡಿಯಂತಹ ಬಾಯಿಂದ ಹಿಡಿದಿತ್ತು. ಅದೇ ಮೈಕ್ರೋಮಸ್‌ನ ಮರಿ. ರೈತರು ಬಹಳ ಹೊತ್ತು ನೋಡಿದರು. ಆ ದಿನ ಡಬ್ಬಿ ಹೆಗಲೇರಲಿಲ್ಲ. ನನ್ನ ಹತ್ತು ಭಾಷಣಗಳು ಮಾಡದ ಕೆಲಸವನ್ನು ಕಪಾಟಿನ ಹಳೆಯ ಕ್ಯಾಮೆರಾ ಮಾಡಿತ್ತು.

ಕೊಕ್ಕರೆ ಬೆಳ್ಳೂರಿನ ಹುಣಸೆಮರದಡಿ

ಮರುದಿನ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋದೆ. ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುವ, ಜನ ಅವನ್ನು ಮನೆಮಕ್ಕಳಂತೆ ಕಾಣುವ ಈ ಗ್ರಾಮ 2007ರಲ್ಲಿ ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಇಲ್ಲಿ ಡಿಎಸ್‌ಎಲ್‌ಆರ್ ಗೆದ್ದಿತೆಂದು ಒಪ್ಪಲೇಬೇಕು. ಸೂರ್ಯ ಮುಳುಗುವ ಹೊತ್ತಿಗೆ ಗೂಡಿಗೆ ಮರಳುವ ಹೆಜ್ಜಾರ್ಲೆಯ ರೆಕ್ಕೆಯ ಒಂದೊಂದು ಗರಿಯನ್ನೂ 70-300 ಲೆನ್ಸ್ ಹಿಡಿದುಕೊಟ್ಟಿತು. ಕಾಂಪ್ಯಾಕ್ಟ್ ಹಿಡಿದದ್ದು ಒಂದು ಬೂದು ನೆರಳನ್ನು ಮಾತ್ರ.

ಆದರೆ ರಾತ್ರಿ ಎರಡೂ ಕ್ಯಾಮೆರಾಗಳ ಚಿತ್ರಗಳನ್ನು ನೋಡುತ್ತ ಕುಳಿತಾಗ ಇನ್ನೊಂದು ವಿಚಾರ ಹೊಳೆಯಿತು. 2017ರ ಕೊನೆಯಿಂದ 2018ರವರೆಗೆ ಈ ಊರಿನಲ್ಲಿ ಹತ್ತಾರು ಹೆಜ್ಜಾರ್ಲೆಗಳು ಸತ್ತವು. ಅವುಗಳ ದೇಹದಲ್ಲಿ ಪರೋಪಜೀವಿ ದುಂಡುಹುಳುಗಳು ಕಂಡುಬಂದವು. ಅಂತಹ ಸಂಕಟದ ಹೊತ್ತಿನಲ್ಲಿ ಉಪಯೋಗಕ್ಕೆ ಬರುವುದು ಯಾವ ಚಿತ್ರ? ಹಾರುವ ಹಕ್ಕಿಯ ಸುಂದರ ರೆಕ್ಕೆಯಲ್ಲ. ಒಂದೇ ಮರವನ್ನು, ಒಂದೇ ಜಾಗದಲ್ಲಿ ನಿಂತು, ವಾರಕ್ಕೊಮ್ಮೆ ತೆಗೆದ ಸಾದಾ ಚಿತ್ರಗಳ ಸರಣಿ. ಈ ವಾರ ಎಷ್ಟು ಗೂಡು, ಹೋದ ವಾರ ಎಷ್ಟು, ಕಳೆದ ವರ್ಷ ಇದೇ ವಾರ ಎಷ್ಟು ಎಂದು ಅದರಿಂದ ಎಣಿಸಬಹುದು. ಹಗಲಿನಲ್ಲಿ ಕಾಂಪ್ಯಾಕ್ಟ್ ತೆಗೆದ ಮರದ ಚಿತ್ರದಲ್ಲಿ ಗೂಡುಗಳನ್ನು ಎಣಿಸುವುದು ನನಗೇನೂ ಕಷ್ಟವಾಗಲಿಲ್ಲ.

ಉದ್ದನೆಯ ಲೆನ್ಸ್ ಹಕ್ಕಿಯಿಂದ ದೂರ ನಿಲ್ಲಲು ಅವಕಾಶ ಕೊಡುತ್ತದೆ, ಕಾಂಪ್ಯಾಕ್ಟ್ ಹಿಡಿದವನು ಗೂಡಿನ ಬುಡಕ್ಕೇ ಹೋಗುತ್ತಾನೆ ಎಂಬ ಆಕ್ಷೇಪ ನ್ಯಾಯವಾದದ್ದು. ಇದಕ್ಕೆ ಉತ್ತರ ಲೆನ್ಸ್ ಅಲ್ಲ, ಶಿಸ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಕ್ಕಿಯ ಮೊಟ್ಟೆ ಅಥವಾ ಗೂಡಿಗೆ ತೊಂದರೆ ಕೊಡುವುದನ್ನೂ ಬೇಟೆ ಎಂದೇ ಪರಿಗಣಿಸುತ್ತದೆ. ಹತ್ತಿರ ಹೋಗದೆ ಸಿಗದ ಗೂಡಿನ ಚಿತ್ರ ನಮಗೆ ಬೇಡ, ಅಷ್ಟೆ.

ಮಳೆಯ ನಾಡಿನ ಲೆಕ್ಕ

ಬಯಲುಸೀಮೆಯಿಂದ ಘಟ್ಟಕ್ಕೆ ಮರಳಿದರೆ ಲೆಕ್ಕ ಇನ್ನಷ್ಟು ಬದಲಾಗುತ್ತದೆ. ಡಿ90 ಮತ್ತು 70-300 ಸೇರಿ ಸುಮಾರು ಒಂದೂಕಾಲು ಕಿಲೋಗಿಂತ ಹೆಚ್ಚಿನ ಭಾರ. ಜಿಗಣೆ, ಜಾರುಬಂಡೆ, ಒಂದು ಕೈಯಲ್ಲಿ ಕೊಡೆ. ಇದರ ನಡುವೆ ಲೆನ್ಸ್ ಬದಲಿಸುವ ಸಾಹಸಕ್ಕೆ ಯಾರೂ ಕೈಹಾಕರು. ಆದ್ದರಿಂದ ಮಳೆಗಾಲದ ನಾಲ್ಕು ತಿಂಗಳು ಕ್ಯಾಮೆರಾ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಕತ್ತಲೆ, ತೇವ, ಅಲುಗಾಡದ ಗಾಳಿ ಸೇರಿದರೆ ಗಾಜಿನ ಮೇಲೂ ಬೂಷ್ಟು ಬೆಳೆಯುತ್ತದೆ. ಹೀಗೆಯೇ ನನ್ನದೊಂದು ಲೆನ್ಸ್ ಎರಡೇ ಮಳೆಗಾಲದಲ್ಲಿ ಹಾಳಾಯಿತು. ಕಾಂಪ್ಯಾಕ್ಟ್‌ಗೂ ಬೂಷ್ಟು ತಪ್ಪದು. ಆದರೆ ದಿನವೂ ಜೇಬಿನಲ್ಲಿ ಹೊರಬರುವ ಉಪಕರಣಕ್ಕೆ ಅದು ಅಷ್ಟು ಬೇಗ ಹಿಡಿಯದು.

ಈ ಕಾಲದಲ್ಲಿ ಮೊಬೈಲ್ ಇರುವಾಗ ಕ್ಯಾಮೆರಾವೇ ಏಕೆ ಎಂದು ಯುವ ಸದಸ್ಯರು ಕೇಳುತ್ತಾರೆ. ಹತ್ತಿರದ ಚಿತ್ರಕ್ಕೆ ಒಳ್ಳೆಯ ಮೊಬೈಲ್ ಸಾಲುತ್ತದೆ. ಸ್ಥಳದ ಅಕ್ಷಾಂಶ ರೇಖಾಂಶಗಳನ್ನೂ ಅದೇ ದಾಖಲಿಸುತ್ತದೆ. ಆದರೆ ಮೊಬೈಲ್ ಒಬ್ಬರ ಸ್ವಂತ ವಸ್ತು. ಅದು ಕೆಟ್ಟರೆ, ಬದಲಾದರೆ, ತುಂಬಿದರೆ ಬಳಗದ ದಾಖಲೆಯೂ ಹೋದಂತೆ. ಹಳ್ಳದ ಮೀನಿನ ಚಿತ್ರ ಹೋದದ್ದು ಹಾಗೆಯೇ. ಬಳಗದ ಕ್ಯಾಮೆರಾದ ಕಾರ್ಡು ಬಳಗದ್ದಾಗಿಯೇ ಉಳಿಯುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ವಿದ್ಯುನ್ಮಾನ ದಾಖಲೆಯ ಜೊತೆಗೆ ಪ್ರಮಾಣಪತ್ರವನ್ನು ಕೇಳುತ್ತದೆ. ಮೂಲ ಕಡತವೇ ಇಲ್ಲದಿದ್ದರೆ ಯಾವುದನ್ನು ಪ್ರಮಾಣೀಕರಿಸುವುದು?

ಇನ್ನು ಪರಿಸರವಾದಿಗಳಾದ ನಮಗೆ ಸಹಜವಾದ ಪ್ರಶ್ನೆ: ಹೊಸ ಕಾಂಪ್ಯಾಕ್ಟ್ ಎಂದರೆ ಹೊಸ ಗಣಿ, ಹೊಸ ತ್ಯಾಜ್ಯ, ಹಳೆಯ ಡಿಎಸ್‌ಎಲ್‌ಆರ್ ಕೊಳ್ಳುವುದು ಮರುಬಳಕೆಯಲ್ಲವೇ? ಈ ವಾದವೇ ನನ್ನನ್ನು ಹಿಂದಿನ ಸಭೆಯಲ್ಲಿ ಡಿಎಸ್‌ಎಲ್‌ಆರ್ ಪಕ್ಷಕ್ಕೆ ಸೇರಿಸಿತ್ತು. ಆದರೆ ಹಳೆಯದು ಎಂದರೆ ಡಿಎಸ್‌ಎಲ್‌ಆರ್ ಒಂದೇ ಅಲ್ಲ. 2010ರಲ್ಲಿ ಜಗತ್ತಿನಲ್ಲಿ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾಗಳು ಕಾರ್ಖಾನೆಗಳಿಂದ ಹೊರಬಿದ್ದವು, ಬಹುಪಾಲು ಕಾಂಪ್ಯಾಕ್ಟ್‌ಗಳೇ. 2023ರಲ್ಲಿ ಆ ಸಂಖ್ಯೆ 80 ಲಕ್ಷಕ್ಕೂ ಕೆಳಗಿಳಿಯಿತು. ಅಂದು ಕೊಂಡವೆಲ್ಲ ಎಲ್ಲಿ ಹೋದವು? ಬೆಂಗಳೂರು, ಮೈಸೂರಿನ ನಮ್ಮ ನೆಂಟರಿಷ್ಟರ ಕಪಾಟುಗಳಲ್ಲಿ, ಮದುವೆಯ ಆಲ್ಬಮ್ಮಿನ ಪಕ್ಕದಲ್ಲಿ ಮಲಗಿವೆ. ಗುತ್ತಲಿನಲ್ಲಿ ಆ ಸಿಂಪರಣೆಯನ್ನು ತಡೆದದ್ದು ಅಂಥದ್ದೇ ಒಂದು.

ನನ್ನ ಸೂಚನೆ

ಸಭೆಯ ಮುಂದೆ ನಾನಿಡುವ ಸೂಚನೆ ಇಷ್ಟು. ಡಿಎಸ್‌ಎಲ್‌ಆರ್ ಕೊಳ್ಳುವುದು ಬೇಡ. ನಿಜಕ್ಕೂ ಅಗತ್ಯ ಬಿದ್ದಾಗ ಎರವಲು ಪಡೆಯೋಣ. ಪ್ರತಿಯೊಬ್ಬ ಸದಸ್ಯರೂ ಬಂಧುಮಿತ್ರರಲ್ಲಿ ವಿಚಾರಿಸಿ ಬಳಕೆಯಲ್ಲಿಲ್ಲದ ಕಾಂಪ್ಯಾಕ್ಟ್‌ಗಳನ್ನು ತರಲಿ. ಅವುಗಳಲ್ಲಿ ಗಟ್ಟಿಯಾದ ಐದನ್ನು ಆರಿಸಿ, ಐದು ಹಳ್ಳಗಳ ಐದು ತಂಡಗಳಿಗೆ ಕೊಡೋಣ. ಹಣವನ್ನು ಹೊಸ ಬ್ಯಾಟರಿ, ಮೆಮೊರಿ ಕಾರ್ಡು, ಮೂಲ ಚಿತ್ರಗಳನ್ನು ಕಾಪಿಡಲು ಎರಡು ಹಾರ್ಡ್ ಡಿಸ್ಕು, ಗಾಳಿಯಾಡದ ಡಬ್ಬಿಗಳಿಗೆ ಬಳಸೋಣ. ಪೆನ್‌ಸೆಲ್ ಹಾಕುವ ಮಾದರಿಗೆ ಆದ್ಯತೆ ಇರಲಿ. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಮುಟ್ಟದೆ ಇ-ತ್ಯಾಜ್ಯಕ್ಕೆ ಕಳಿಸಬೇಕು. ತೀರ ಹಳೆಯ ಕ್ಯಾಮೆರಾಗಳು 2 ಜಿಬಿಗಿಂತ ದೊಡ್ಡ ಕಾರ್ಡನ್ನು ಒಪ್ಪದಿರಬಹುದು, ನೋಡಿ ಕೊಳ್ಳಬೇಕು.

ಮೂರು ನಿಯಮಗಳನ್ನು ಎಲ್ಲ ತಂಡಗಳೂ ಪಾಲಿಸಲಿ. ಬ್ಯಾಟರಿ ತೆಗೆದಿಟ್ಟ ಹಳೆಯ ಕ್ಯಾಮೆರಾ ದಿನಾಂಕವನ್ನು ಮರೆಯುತ್ತದೆ. ಆದ್ದರಿಂದ ಪ್ರತಿ ಸಲವೂ ಮೊದಲ ಚಿತ್ರ ದಿನಾಂಕ, ವೇಳೆ, ಸ್ಥಳ ತೋರಿಸುವ ಮೊಬೈಲ್ ಪರದೆಯದ್ದಾಗಿರಲಿ. ಎರಡನೆಯದಾಗಿ, ವಸ್ತುವಿನ ಪಕ್ಕದಲ್ಲಿ ಅಳತೆಪಟ್ಟಿ ಇರಲಿ. ಕೊನೆಯದಾಗಿ, ಮೂಲ ಚಿತ್ರವನ್ನು ಯಾರೂ ತಿದ್ದಬಾರದು, ಅಳಿಸಬಾರದು.

ಈ ವರ್ಷವೂ ಕಾಫಿ ಹಣ್ಣಾಗುತ್ತದೆ, ಹಳ್ಳಕ್ಕೆ ಮತ್ತೆ ಕಂದುನೀರು ಬರಬಹುದು. ಆಗ ಅದು ಯಾವ ದಿನದ್ದು, ಎಲ್ಲಿಯದು ಎಂದು ಯಾರಾದರೂ ಕೇಳಿದರೆ ಉತ್ತರ ನಮ್ಮ ಜೇಬಿನಲ್ಲಿರಬೇಕು. ಸಭೆಗೆ ಬರುವಾಗ ದಯವಿಟ್ಟು ನಿಮ್ಮ ಮನೆಯ ಕಪಾಟನ್ನೊಮ್ಮೆ ತೆರೆದು ನೋಡಿ ಬನ್ನಿ.