ಬೇಸಿಗೆಯ ಅಧ್ಯಯನ ಶಿಬಿರಗಳು ಮತ್ತು ವರ್ಷಾಯೋಗದ ಪಾಠ

ಜೂನ್ ತಿಂಗಳು ಬಂದಿತೆಂದರೆ ಅಮೆರಿಕ ಮತ್ತು ಯುರೋಪಿನ ವಿಶ್ವವಿದ್ಯಾಲಯಗಳಿಗೆ ಬೇಸಿಗೆ ರಜೆ. ಆ ರಜೆಯಲ್ಲಿ ವಿದ್ಯಾರ್ಥಿಗಳ ಸಣ್ಣ ತಂಡಗಳು ಹೊರದೇಶಗಳಿಗೆ ತೆರಳಿ, ಅಲ್ಲಿಯ ಭಾಷೆ, ಸಾಹಿತ್ಯ, ಕಲೆಗಳನ್ನು ಅಭ್ಯಸಿಸಿ ಹಿಂದಿರುಗುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಕರ್ನಾಟಕಕ್ಕೂ ಇಂಥವರು ಬರುತ್ತಾರೆ. 1961ರಲ್ಲಿ ಸ್ಥಾಪನೆಯಾದ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಸಂಸ್ಥೆಯ ಕನ್ನಡ ಶಿಕ್ಷಣವು ಮೈಸೂರಿನಲ್ಲಿ ನಡೆಯುತ್ತದೆ. ಜೈನಾಧ್ಯಯನದ ಮಟ್ಟಿಗೆ ಹೇಳುವುದಾದರೆ, 2005ರಿಂದ ವಿದೇಶೀ ವಿದ್ಯಾರ್ಥಿಗಳಿಗಾಗಿ ಬೇಸಿಗೆ ಶಾಲೆಯೊಂದು ಭಾರತದಲ್ಲಿ ನಡೆಯುತ್ತಿದೆ. ಭಾಷೆಯನ್ನು ಕಲಿಯಬಂದವರು ಸಾಮಾನ್ಯವಾಗಿ ಒಂದೇ ಊರಿನಲ್ಲಿ ನೆಲಸಿ ಕಲಿಯುತ್ತಾರೆ. ಕಲೆ ಮತ್ತು ಸಾಹಿತ್ಯದ ಹೆಸರಿನ ಶಿಬಿರಗಳಿಗೆ ಮಾತ್ರ ಊರಿಂದೂರಿಗೆ ಸಾಗುವ ಚಪಲ ಹೆಚ್ಚು. ಹಂಪೆ ಎರಡು ದಿನ, ಬಾದಾಮಿ ಒಂದು ದಿನ, ಬೇಲೂರು ಹಳೇಬೀಡು ಸೇರಿ ಒಂದು ದಿನ, ಶ್ರವಣಬೆಳಗೊಳ ಅರ್ಧ ದಿನ. ಇದು ಯಾತ್ರೆಯಾದೀತು, ಅಧ್ಯಯನವಾಗಲಾರದು ಎಂಬುದು ನನ್ನ ಅಭಿಪ್ರಾಯ.

ಈ ವಿದ್ಯಾರ್ಥಿಗಳು ಕರ್ನಾಟಕದಲ್ಲಿ ಕಾಲಿಡುವ ಮೊದಲ ನೆಲ ಬಹುತೇಕ ಬೆಂಗಳೂರು ಗ್ರಾಮಾಂತರ ಜಿಲ್ಲೆಯದು. 2008ರ ಮೇ ತಿಂಗಳಲ್ಲಿ ಕಾರ್ಯಾರಂಭಿಸಿದ ವಿಮಾನ ನಿಲ್ದಾಣವಿರುವುದು ದೇವನಹಳ್ಳಿ ತಾಲೂಕಿನಲ್ಲಿ. ಅಲ್ಲಿಂದ ಹಂಪೆಗೋ ಮೈಸೂರಿಗೋ ಹೊರಡುವವರಿಗೆ ಈ ಜಿಲ್ಲೆ ಹಾದುಹೋಗುವ ದಾರಿ ಮಾತ್ರ. ನಮ್ಮ ಸಂಶೋಧನ ವಿದ್ಯಾರ್ಥಿಗಳಿಗೂ ಅದು ಹಾಗೆಯೇ ಆಗಿದೆ. ಆದರೆ ಈ ಜಿಲ್ಲೆಯ ನೆಲಮಂಗಲ ತಾಲೂಕೊಂದರಲ್ಲಿಯೇ, ಒಂದು ಬೇಸಿಗೆಯನ್ನು ಪೂರ್ತಿಯಾಗಿ ಕಳೆಯಬಹುದಾದ ಎರಡು ಸ್ಥಳಗಳಿವೆ. ಒಂದು ಮಣ್ಣೆ, ಇನ್ನೊಂದು ಶಿವಗಂಗೆ.

ತ್ಯಾಮಗೊಂಡ್ಲು ಸಮೀಪದ ಮಣ್ಣೆಯೇ ಗಂಗರ ಮಾನ್ಯಪುರ. ಶ್ರೀಪುರುಷನ ಕಾಲದಲ್ಲಿ ರಾಜಧಾನಿಯಾಗಿ ಮೆರೆದ ಪಟ್ಟಣ. ಇಂದು ಅದೊಂದು ಹಳ್ಳಿ. ಶಿಥಿಲವಾದ ಕಪಿಲೇಶ್ವರ ದೇಗುಲ ಹಳೆಯ ವೈಭವದ ಗುರುತಾಗಿ ಉಳಿದಿದೆ. ಈ ಊರಿಗೆ ಸಂಬಂಧಿಸಿದ ಎರಡು ತಾಮ್ರಶಾಸನಗಳನ್ನು ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟವಾದ ಎಪಿಗ್ರಾಫಿಯಾ ಕರ್ನಾಟಿಕಾದ 9ನೆಯ ಸಂಪುಟದಲ್ಲಿ ಕೊಟ್ಟಿದ್ದಾರೆ. ಮೊದಲನೆಯದು ಕ್ರಿ.ಶ. 797ರದು: ಗಂಗ ರಾಜಕುಮಾರ ಮಾರಸಿಂಹನು, ಸೇನಾಪತಿ ಶ್ರೀವಿಜಯನು ಮಾನ್ಯಪುರದಲ್ಲಿ ಕಟ್ಟಿಸಿದ ಜಿನಾಲಯಕ್ಕೆ ದತ್ತಿ ಬಿಟ್ಟದ್ದು. ಎರಡನೆಯದು 802ರದು: ರಾಷ್ಟ್ರಕೂಟ ಮುಮ್ಮಡಿ ಗೋವಿಂದನ ಅಣ್ಣ ರಣಾವಲೋಕ ಕಂಭನು ಅದೇ ಬಸದಿಗೆ ದತ್ತಿ ಬಿಟ್ಟದ್ದು. ಎರಡರ ನಡುವೆ ಐದೇ ವರ್ಷಗಳು. ಅಷ್ಟರಲ್ಲಿ ಗಂಗವಾಡಿಯ ಅಧಿಕಾರ ಗಂಗರಿಂದ ರಾಷ್ಟ್ರಕೂಟರಿಗೆ ಹೋಗಿದೆ. ಗೆದ್ದವರು ಸೋತವರ ಸೇನಾಪತಿಯ ಬಸದಿಯನ್ನು ಪೋಷಿಸಿದ್ದೇಕೆ? ಅದು ಧರ್ಮಶ್ರದ್ಧೆಯೋ, ಸ್ಥಳೀಯ ಪ್ರಭಾವಿಗಳನ್ನು ಒಲಿಸಿಕೊಳ್ಳುವ ರಾಜನೀತಿಯೋ, ಎರಡೂ ಹೌದೋ? ಈ ಪ್ರಶ್ನೆ ಎರಡು ಪಾಠಗಳನ್ನು ಮುಂದಿಟ್ಟುಕೊಂಡು ಸಾವಕಾಶವಾಗಿ ಓದಿದವನಿಗೆ ಮಾತ್ರ ಹುಟ್ಟುತ್ತದೆ.

ಇದೇ ಶಾಸನಗಳು ಎಚ್ಚರಿಕೆಯ ಪಾಠವನ್ನೂ ಕಲಿಸುತ್ತವೆ. ಶ್ರೀವಿಜಯ ಎಂಬ ಹೆಸರನ್ನು ಕಂಡೊಡನೆ ಸಾಹಿತ್ಯದ ವಿದ್ಯಾರ್ಥಿಯ ಮನಸ್ಸು ಕವಿರಾಜಮಾರ್ಗದ ಕಡೆಗೆ ಹರಿಯುವುದು ಸಹಜ. ಆದರೆ ಆ ಕೃತಿ ನೃಪತುಂಗನ ಆಸ್ಥಾನದ್ದು, ಸುಮಾರು 850ರದು. ನಡುವೆ ಅರ್ಧ ಶತಮಾನದ ಅಂತರವಿದೆ. ಹೆಸರಿನ ಸಾಮ್ಯ ವ್ಯಕ್ತಿಯ ಐಕ್ಯಕ್ಕೆ ಪ್ರಮಾಣವಲ್ಲ ಎಂಬ ತತ್ತ್ವವನ್ನು ತರಗತಿಯಲ್ಲಿ ನೂರು ಸಲ ಹೇಳುವುದಕ್ಕಿಂತ ಮಣ್ಣೆಯಲ್ಲಿ ಒಮ್ಮೆ ತೋರಿಸುವುದು ಲೇಸು. ಗಂಗರ ತಾಮ್ರಶಾಸನಗಳಲ್ಲಿ ಅರಸರ ಪ್ರಶಸ್ತಿ ಸಂಸ್ಕೃತದಲ್ಲಿರುತ್ತದೆ. ಬಿಟ್ಟ ಭೂಮಿಯ ಎಲ್ಲೆಕಟ್ಟುಗಳನ್ನು ಹೇಳುವ ಭಾಗ ಅನೇಕ ಕಡೆ ಹಳಗನ್ನಡಕ್ಕೆ ಹೊರಳುತ್ತದೆ. ಕೆರೆ, ಕೋಡಿ, ಹುಣಿಸೆ, ಗುಂಡು, ಹಳ್ಳಗಳ ಆ ಭಾಷೆಯನ್ನು ನಿಘಂಟಿನಿಂದ ಅರ್ಧ ಕಲಿಯಬಹುದು. ಉಳಿದರ್ಧವನ್ನು ಹೊಲದ ಬದುವಿನ ಮೇಲೆ ನಿಂತು, ಊರಿನ ರೈತರನ್ನು ಕೇಳಿಯೇ ಕಲಿಯಬೇಕು.

ಶಿವಗಂಗೆಯ ಪಾಠ ಇನ್ನೂ ಸೂಕ್ಷ್ಮವಾದುದು. ಬೆಟ್ಟವನ್ನು ಏರಿದವರಿಗೆ ತುದಿಯ ಅಂಚೊಂದನ್ನು ತೋರಿಸಿ, ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ ಪ್ರಾಣ ಬಿಟ್ಟದ್ದು ಇಲ್ಲಿಂದ ಧುಮುಕಿ ಎಂದು ಹೇಳುವುದು ರೂಢಿ. ಒಂದೇ ದಿನದಲ್ಲಿ ಬಂದುಹೋಗುವ ವಿದ್ಯಾರ್ಥಿ ಈ ಕಥೆಯನ್ನೇ ಬರೆದುಕೊಂಡು ಹೋಗುತ್ತಾನೆ. ನಾಳೆ ಅವನ ಪ್ರಬಂಧದಲ್ಲಿ ಅದು ಇತಿಹಾಸವಾಗುತ್ತದೆ. ಶ್ರವಣಬೆಳಗೊಳದ ಶಾಸನವು ಶಾಂತಲೆ 1131ರಲ್ಲಿ ಶಿವಗಂಗೆಯ ತೀರ್ಥದಲ್ಲಿ ಸ್ವರ್ಗಸ್ಥಳಾದಳೆಂದು ಹೇಳುತ್ತದೆ. ಬೆಟ್ಟದಿಂದ ಧುಮುಕಿದ ಮಾತು ಅದರಲ್ಲಿ ಇಲ್ಲ. ಮಗಳ ಅಗಲಿಕೆಯ ತರುವಾಯ ತಾಯಿ ಮಾಚಿಕಬ್ಬೆ ಬೆಳಗೊಳದಲ್ಲಿ ಒಂದು ತಿಂಗಳು ಅನಶನವ್ರತವನ್ನಾಚರಿಸಿ ಸಮಾಧಿಮರಣವನ್ನು ಪಡೆದುದನ್ನು ಅದು ವಿವರವಾಗಿ ವರ್ಣಿಸುತ್ತದೆ. ಮುಡಿಪು, ಸನ್ಯಸನ, ಸಮಾಧಿ ಮುಂತಾಗಿ ಜೈನ ನಿಸಿದಿ ಶಾಸನಗಳು ಮರಣವನ್ನು ಹೇಳಲು ಬಳಸುವ ಪದಗಳಿಗೆ ಶಾಸ್ತ್ರದ ಹಿನ್ನೆಲೆಯಿದೆ. ಅವನ್ನೆಲ್ಲ ‘ಆತ್ಮಹತ್ಯೆ’ ಎಂಬ ಒಂದೇ ಮಾತಿನಿಂದ ಅನುವಾದಿಸಿದರೆ ಒಂದು ಧರ್ಮಪರಂಪರೆಯ ಮರಣವಿವೇಕವನ್ನೇ ತಪ್ಪಾಗಿ ಓದಿದಂತಾಗುತ್ತದೆ.

ಶಾಂತಲೆಯ ತಂದೆ ಮಾರಸಿಂಗಯ್ಯ ಶೈವ, ತಾಯಿ ಜೈನಭಕ್ತೆ. ತಾನು 1123ರಲ್ಲಿ ಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದ ರಾಣಿ, ಶೈವಕ್ಷೇತ್ರವೊಂದರಲ್ಲಿ ಕೊನೆಯುಸಿರೆಳೆದಳೆಂಬುದೇ ಚಿಂತನೆಗೆ ಒಂದು ವಾರದ ಗ್ರಾಸ. ಆಮೇಲೆ ಕೆ. ವಿ. ಅಯ್ಯರ್ ಅವರ ‘ಶಾಂತಲಾ’ ಕಾದಂಬರಿಯನ್ನೂ, 1983ರಲ್ಲಿ ಮೂರ್ತಿದೇವಿ ಪ್ರಶಸ್ತಿ ಪಡೆದ ಸಿ. ಕೆ. ನಾಗರಾಜರಾವ್ ಅವರ ‘ಪಟ್ಟಮಹಾದೇವಿ ಶಾಂತಲದೇವಿ’ಯನ್ನೂ ಶಾಸನದ ಪಕ್ಕದಲ್ಲಿಟ್ಟು ಓದಬೇಕು. ಶಾಸನ, ಸ್ಥಳಪುರಾಣ, ಕಾದಂಬರಿ ಇವು ಒಂದೇ ಜೀವವನ್ನು ಹೇಗೆ ಬೇರೆಬೇರೆಯಾಗಿ ಕಟ್ಟುತ್ತವೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಂತೆ ಅಪರೂಪ.

ಅವರ ಬೇಸಿಗೆ ನಮಗೆ ಮಳೆಗಾಲ ಎಂಬುದನ್ನು ಇಲ್ಲಿ ನೆನೆಯಬೇಕು. ಆಷಾಢ ಶುಕ್ಲ ಚತುರ್ದಶಿಯಂದು ದಿಗಂಬರ ಮುನಿಗಳು ವರ್ಷಾಯೋಗವನ್ನು ಸ್ವೀಕರಿಸಿ ನಾಲ್ಕು ತಿಂಗಳು ಒಂದೆಡೆ ನಿಲ್ಲುತ್ತಾರೆ. ಮಳೆಗೆ ಚಿಗುರುವ ಹಸುರಿಗೂ ಹರಿದಾಡುವ ಕ್ರಿಮಿಕೀಟಗಳಿಗೂ ಹಿಂಸೆಯಾಗದಿರಲೆಂಬುದು ಅದರ ಮೂಲೋದ್ದೇಶ. ಆದರೆ ಅದರಿಂದ ವಿದ್ಯೆಗೂ ಒಂದು ಫಲ ದೊರೆಯಿತು. ಉಳಿದ ಎಂಟು ತಿಂಗಳು ವಿಹಾರಮಾಡುವ ಮುನಿ ಈ ಅವಧಿಯಲ್ಲಿ ಒಂದೂರಿನವನಾಗುತ್ತಾನೆ. ಶ್ರಾವಕರಿಗೆ ದಿನದಿನವೂ ಒಂದೇ ಗ್ರಂಥವನ್ನು ಕ್ರಮವಾಗಿ ಬೋಧಿಸಲು ಅನುಕೂಲವಾಗುತ್ತದೆ. ನಿತ್ಯ ಸಂಚಾರಿಗಳಾದವರೇ ನಿಲ್ಲುವುದರ ಬೆಲೆಯನ್ನು ಅರಿತಿದ್ದರು. ವಿದೇಶೀ ವಿದ್ಯಾರ್ಥಿಗಳು ನಮ್ಮಲ್ಲಿರುವುದು ಈ ಕಾಲದ ಆಸುಪಾಸಿನಲ್ಲಿಯೇ. ಅವರ ಶಿಬಿರಕ್ಕೆ ಪಠ್ಯಕ್ರಮವನ್ನು ರೂಪಿಸುವವರು ಈ ಮೇಲ್ಪಂಕ್ತಿಯನ್ನು ಗಮನಿಸಬಹುದಲ್ಲವೆ?

ಆಕ್ಷೇಪಗಳು ಇಲ್ಲವೆಂದಲ್ಲ. ದುಬಾರಿ ವೆಚ್ಚಮಾಡಿ, ಬಹುಶಃ ಜೀವನದಲ್ಲಿ ಒಮ್ಮೆ ಬರುವ ವಿದ್ಯಾರ್ಥಿಗೆ ಹಂಪೆಯನ್ನು ತೋರಿಸದೆ ಕಳುಹಿಸುವುದು ಅನ್ಯಾಯವೆನ್ನುವವರಿದ್ದಾರೆ. ಮಾತು ನಿಜ, ಕೊನೆಯ ವಾರವನ್ನು ಹಂಪೆಗೂ ಬೇಲೂರಿಗೂ ಮೀಸಲಿಡಲಿ. ಒಂದು ಬಸದಿಯ ಎರಡು ಶಾಸನಗಳನ್ನು ಓದಿ ಬಂದ ಕಣ್ಣು ಹಂಪೆಯಲ್ಲಿಯೂ ಹೆಚ್ಚನ್ನು ಕಾಣುತ್ತದೆ. ಎರಡು ತಿಂಗಳಲ್ಲಿ ಹಳಗನ್ನಡ ಬರುವುದುಂಟೆ ಎಂಬುದು ಇನ್ನೊಂದು ಆಕ್ಷೇಪ. ಬರುವುದಿಲ್ಲ. 1853ರಲ್ಲಿ ಭಾರತಕ್ಕೆ ಬಂದ ಕಿಟ್ಟೆಲರ ನಿಘಂಟು ಅಚ್ಚಾದದ್ದು 1894ರಲ್ಲಿ. ಆದರೆ ಒಂದು ಶಾಸನದ ಹತ್ತು ಸಾಲುಗಳನ್ನು ಗುರುಮುಖೇನ ಓದಲು ಎರಡು ತಿಂಗಳು ಸಾಕು. ಓದು ಎಂದರೇನೆಂಬುದು ಅಷ್ಟರಲ್ಲಿ ತಿಳಿಯುತ್ತದೆ.

ನನ್ನ ಮುಖ್ಯ ಕಳಕಳಿ ನಮ್ಮವರನ್ನು ಕುರಿತದ್ದು. ನೆಲಮಂಗಲದಲ್ಲಿಯೋ ದೊಡ್ಡಬಳ್ಳಾಪುರದಲ್ಲಿಯೋ ಕನ್ನಡ ಎಂ.ಎ. ಓದುವ ವಿದ್ಯಾರ್ಥಿಗೆ ಮಣ್ಣೆ ಕೆಲವೇ ಹರದಾರಿ ದೂರ. ಅಲ್ಲಿಗೆ ಅವನನ್ನು ಕರೆದೊಯ್ಯುವ ಪಠ್ಯಕ್ರಮ ನಮ್ಮಲ್ಲಿ ವಿರಳ. ದಾಬಸ್‌ಪೇಟೆಯ ಸುತ್ತ ಕೈಗಾರಿಕೆಗಳೂ ಹೆದ್ದಾರಿಗಳೂ ಬೆಳೆಯುತ್ತಿರುವ ವೇಗದಲ್ಲಿ ಶಾಸನೋಕ್ತ ಎಲ್ಲೆಕಲ್ಲುಗಳೂ ಕೆರೆಗಳೂ ಎಷ್ಟು ದಿನ ಉಳಿದಾವು? ಮಿಥಿಕ್ ಸೊಸೈಟಿಯು ಬೆಂಗಳೂರು ಸುತ್ತಣ ಶಿಲಾಶಾಸನಗಳನ್ನು ಮೂರು ಆಯಾಮಗಳ ಸ್ಕ್ಯಾನ್ ಮೂಲಕ ದಾಖಲಿಸುತ್ತಿರುವುದು ಸ್ತುತ್ಯವಾದ ಕಾರ್ಯ. ಅಕ್ಷರ ಉಳಿದರೂ ಓದುವವರು ಇಲ್ಲವಾದರೆ ಆ ದಾಖಲೆಯಿಂದ ಏನು ಪ್ರಯೋಜನ?

ಆದುದರಿಂದ ಬೇಸಿಗೆ ಶಿಬಿರವೊಂದನ್ನು ನಡೆಸುವ ವಿಶ್ವವಿದ್ಯಾಲಯ, ದೇಶದ್ದಾಗಲಿ ವಿದೇಶದ್ದಾಗಲಿ, ಎರಡು ನಿಯಮಗಳನ್ನು ಪಾಲಿಸಲಿ. ಹೊರಗಿನಿಂದ ಬಂದ ಒಬ್ಬ ವಿದ್ಯಾರ್ಥಿಗೆ ಸ್ಥಳೀಯ ಕಾಲೇಜಿನ ಒಬ್ಬ ವಿದ್ಯಾರ್ಥಿ ಜೊತೆಗಾರನಾಗಿರಲಿ. ಇಬ್ಬರಿಗೂ ಒಂದೇ ಪಾಠ, ಒಂದೇ ಪರೀಕ್ಷೆ ಇರಲಿ. ಕನಿಷ್ಠ ಒಂದು ತಿಂಗಳು ಒಂದೇ ತಾಲೂಕಿನಲ್ಲಿ ನಿಲ್ಲುವುದು ಕಡ್ಡಾಯವಾಗಲಿ. ಇದಕ್ಕೆ ದೊಡ್ಡ ಅನುದಾನವೇನೂ ಬೇಡ. ತ್ಯಾಮಗೊಂಡ್ಲಿನಲ್ಲಿ ಉಳಿಯಲು ಒಂದು ಮನೆ, ಎಪಿಗ್ರಾಫಿಯಾ ಕರ್ನಾಟಿಕಾದ ಒಂದು ಸಂಪುಟ, ಹಳಗನ್ನಡವನ್ನೂ ಪ್ರಾಕೃತ ಸಂಸ್ಕೃತಗಳನ್ನೂ ಬಲ್ಲ ಒಬ್ಬ ಅಧ್ಯಾಪಕ, ಇಷ್ಟು ಒದಗಿದರೆ ಸಾಕು.