ರಾಜ್ಯೋತ್ಸವದ ಪೋಸ್ಟರ್ ಮಾಡೋರಿಗೆ ರಾಜ್ಯೋತ್ಸವ ಇಲ್ವಾ?

1/6
ನವೆಂಬರ್ 1 ಬಂತು ಅಂದ್ರೆ ಫೀಡ್ ತುಂಬ ಹಳದಿ-ಕೆಂಪು. ಬಿಲ್ಡರು, ಚಿನ್ನದ ಅಂಗಡಿ, ಬಿರಿಯಾನಿ ಹೋಟೆಲು, ಎಲ್ಲರದ್ದೂ "ನಾಡಿನ ಸಮಸ್ತ ಜನತೆಗೆ ಶುಭಾಶಯಗಳು". ಅದನ್ನ ಮಾಡಿದ್ದು ಯಾರು? ಹಿಂದಿನ ರಾತ್ರಿ ಹನ್ನೊಂದೂವರೆಗೆ "ಭುವನೇಶ್ವರಿನ ಸ್ವಲ್ಪ ದೊಡ್ಡದು ಮಾಡಿ, ಲೋಗೊನ ಅದಕ್ಕಿಂತ ಸ್ವಲ್ಪ ದೊಡ್ಡದು ಮಾಡಿ" ಅನ್ನೋ ವಾಯ್ಸ್ ನೋಟ್ ಕೇಳಿಸ್ಕೊಂಡು ಲ್ಯಾಪ್‌ಟಾಪ್ ಮುಂದೆ ಕೂತವರು. ಬೆಳಿಗ್ಗೆ ಎದ್ದು ಮತ್ತೆರಡು ತಿದ್ದುಪಡಿ. ಆ ಕಂಪನಿಯ ಮಾರ್ಕೆಟಿಂಗ್ ಮ್ಯಾನೇಜರ್‌ಗೆ ಅವತ್ತು ಸಂಬಳ ಸಹಿತ ರಜೆ. ನಮಗೆ ಮಾಮೂಲಿ ರೇಟು. ಕೆಲವರಿಗೆ ಅದೂ ಇಲ್ಲ, "ಹಬ್ಬ ಅಲ್ವಾ, ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ".

ನಾನು ಹೇಳೋದು ಇಷ್ಟೇ: ಕ್ಲೈಂಟ್ ಕೇಳಿದ್ದಕ್ಕೆ ರಜಾ ದಿನ ಕೆಲಸ ಮಾಡಿದ್ರೆ ಎರಡು ಪಟ್ಟು. ನಾಚಿಕೆ ಇಲ್ಲದೆ, ಸಾರಿ ಎಮೋಜಿ ಇಲ್ಲದೆ.

2/6
ಎರಡು ಪಟ್ಟು ಅನ್ನೋದನ್ನ ನಾನು ಗಾಳಿಯಿಂದ ಹಿಡಿದು ತಂದಿಲ್ಲ. ರಾಷ್ಟ್ರೀಯ ಮತ್ತು ಹಬ್ಬದ ರಜೆಗಳಿಗೆ ಅಂತಲೇ ನಮ್ಮ ರಾಜ್ಯದಲ್ಲಿ 1963ರ ಒಂದು ಕಾಯ್ದೆ ಇದೆ. ನಾವಿನ್ನೂ ಮೈಸೂರು ರಾಜ್ಯ ಅಂತ ಕರೆಸಿಕೊಳ್ತಿದ್ದ ಕಾಲದ್ದು. ಅದರ ಪ್ರಕಾರ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಜೊತೆಗೆ ಇನ್ನೂ ಐದು ಹಬ್ಬ, ಒಟ್ಟು ಹತ್ತು ದಿನ ಸಂಬಳ ಸಹಿತ ರಜೆ. ಆ ದಿನ ಕೆಲಸಕ್ಕೆ ಕರೆದ್ರೆ ದುಪ್ಪಟ್ಟು ಸಂಬಳ ಕೊಡಬೇಕು, ಇಲ್ಲಾಂದ್ರೆ ಅವತ್ತಿನ ಸಂಬಳದ ಜೊತೆ ಬೇರೆ ದಿನ ಸಂಬಳ ಸಹಿತ ರಜೆ ಕೊಡಬೇಕು.

ಫ್ರೀಲಾನ್ಸರ್‌ಗೆ ಈ ಕಾಯ್ದೆ ಅನ್ವಯಿಸಲ್ಲ. ನಾವು ಯಾರ ನೌಕರರೂ ಅಲ್ಲವಲ್ಲ. ಗಿಗ್ ಕಾರ್ಮಿಕರಿಗೆ ಅಂತ 2025ರಲ್ಲಿ ಬಂದ ಕಾಯ್ದೆ ಆಪ್‌ಗಳ ಮೂಲಕ ದುಡಿಯೋರದ್ದು. ವಾಟ್ಸಾಪ್‌ನಲ್ಲಿ ಬ್ರೀಫ್ ಕಳಿಸೋ ಕ್ಲೈಂಟ್ ಅದರೊಳಗೆ ಬರಲ್ಲ. ಅಂದ್ರೆ ನಮ್ಮ ಪರವಾಗಿ ಬರೆದಿಡೋರು ಯಾರೂ ಇಲ್ಲ, ನಾವೇ ಬರೀಬೇಕು. ಬರೆಯೋ ಜಾಗ ಕೊಟೇಶನ್.

3/6
ಈಗ ಲೆಕ್ಕ. ದಯವಿಟ್ಟು ಸ್ವೈಪ್ ಮಾಡ್ಬೇಡಿ, ಎಡವೋದು ಇಲ್ಲೇ.

ತಿಂಗಳಿಗೆ 30,000 ಬೇಕು, 30 ದಿನ ಇದೆ, ಹಾಗಾದ್ರೆ ದಿನಕ್ಕೆ 1,000. ನಮ್ಮ ಬ್ಯಾಚಲ್ಲಿ ಸುಮಾರು ಜನರ ರೇಟು ಹುಟ್ಟಿದ್ದು ಹೀಗೇ. ಈ ಲೆಕ್ಕದಲ್ಲಿ ಭಾನುವಾರ ಇಲ್ಲ, ಜ್ವರ ಇಲ್ಲ, ಅಕ್ಕನ ಮದುವೆ ಇಲ್ಲ.

ಸರಿಯಾಗಿ ಮಾಡೋಣ. 365ರಲ್ಲಿ 52 ಭಾನುವಾರ ಕಳೆದ್ರೆ 313. ಹತ್ತು ರಜೆ ತೆಗೆದ್ರೆ 303. ಕಾಯಿಲೆ, ಪರೀಕ್ಷೆ, ಊರಿನ ಜಾತ್ರೆಗೆ 13 ದಿನ ಇಡಿ, ಉಳಿದಿದ್ದು 290. ಇಷ್ಟೂ ದಿನ ದುಡ್ಡು ಬರೋ ಕೆಲಸ ಇರುತ್ತಾ? ಕ್ಲೈಂಟ್ ಹುಡುಕೋದು, ಸ್ಯಾಂಪಲ್ ಮಾಡೋದು, "ಸರ್ ಪೇಮೆಂಟ್" ಅಂತ ನಾಲ್ಕನೇ ಸಲ ಮೆಸೇಜ್ ಹಾಕೋದು, ಇದಕ್ಕೆಲ್ಲ ಬಿಲ್ ಇಲ್ಲ. ಐದು ದಿನದಲ್ಲಿ ಮೂರು ದಿನ ಬಿಲ್ ಆಯ್ತು ಅಂತಲೇ ಇಟ್ಕೊಳ್ಳಿ: 174 ದಿನ. ವರ್ಷಕ್ಕೆ 3,60,000, ಅದರ ಮೇಲೆ ಲ್ಯಾಪ್‌ಟಾಪ್, ಸಾಫ್ಟ್‌ವೇರ್, ಇಂಟರ್ನೆಟ್‌ಗೆ ಒಂದು 60,000. ಒಟ್ಟು 4,20,000ನ 174ರಿಂದ ಭಾಗಿಸಿ. ದಿನಕ್ಕೆ ಹೆಚ್ಚುಕಮ್ಮಿ 2,400 ರೂಪಾಯಿ.

ಇದು ಮಾಮೂಲಿ ದಿನದ ರೇಟು. ಹಬ್ಬದ್ದು 4,800. ಹಬ್ಬದ ದಿನ 1,000ಕ್ಕೆ ಕೆಲಸ ಮಾಡಿದ್ರೆ ಎಷ್ಟು ಕಳ್ಕೊಂಡ್ರಿ ಅಂತ ನೀವೇ ನೋಡಿ. ಗಮನಿಸಿ, ಆ ಹತ್ತು ರಜೆನ ಮೊದಲೇ ಕಳೆದಿದ್ದೀವಿ. ಮನೇಲಿ ಕೂತರೂ ಸಂಬಳ ಬರೋ ನೌಕರನಿಗೇ ಎರಡು ಪಟ್ಟು ಅಂದ್ಮೇಲೆ, ಕೂತರೆ ಸೊನ್ನೆ ಬರೋ ನಮಗೆ ಅದು ದುರಾಸೆ ಹೇಗಾಗುತ್ತೆ?

4/6
"ನಿಮಗೇನ್ರಿ, ದಿನಾ ರಜೆ." ಇದು ಎಲ್ಲರೂ ಕೇಳಿರೋ ಮಾತು. ದಿನಾ ರಜೆ ಇರೋರಿಗೆ ಹಬ್ಬದ ದಿನವೇ ಯಾಕೆ ಕೆಲಸ ಕೊಡ್ತೀರ ಸ್ವಾಮಿ?

ಬೆಂಗಳೂರಲ್ಲಿ ರಾತ್ರಿ ಹತ್ತಾದ ಮೇಲೆ ಆಟೊ ಮೀಟರ್‌ಗೆ ಒಂದೂವರೆ ಪಟ್ಟು. ಸರ್ಕಾರವೇ ಒಪ್ಪಿರೋ ಲೆಕ್ಕ. ವರಮಹಾಲಕ್ಷ್ಮಿ ಹಿಂದಿನ ದಿನ ಕೆ.ಆರ್. ಮಾರ್ಕೆಟ್‌ನಲ್ಲಿ ಕನಕಾಂಬರದ ರೇಟು ಕೇಳಿ ನೋಡಿ. ಹಬ್ಬಕ್ಕೆ ಊರಿಗೆ ಹೋಗೋ ಖಾಸಗಿ ಬಸ್ ಟಿಕೆಟ್ ನೋಡಿ (ಅದು ಸುಲಿಗೆ, ಅದನ್ನ ನಾನು ಸಮರ್ಥಿಸ್ತಿಲ್ಲ). ಅಡುಗೆಯವರು, ವಾಲಗದವರು, ಶಾಮಿಯಾನದವರು, ಎಲ್ಲರಿಗೂ ಸೀಸನ್ ರೇಟು ಇದೆ. ಅವರ ಹತ್ತಿರ ತಕರಾರಿಲ್ಲದೆ ಕೊಡೋ ಅದೇ ಮನುಷ್ಯ ನಮ್ಮ ಹತ್ತಿರ ಬಂದು "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಅಂತಾನೆ. ಆ "ಸ್ವಲ್ಪ" ಯಾವತ್ತಾದ್ರೂ ಅವನ ಕಡೆಯಿಂದ ಆಗಿದ್ಯಾ?

ಒಂದು ನ್ಯಾಯದ ಮಾತು. ನಿಮ್ಮ ಅನುಕೂಲಕ್ಕೆ ನೀವೇ ಆಗಸ್ಟ್ 15ಕ್ಕೆ ಕೂತು ಮಾಡಿದ್ರೆ ಹೆಚ್ಚಿಗೆ ಕೇಳ್ಬೇಡಿ. ಅವರಿಗೆ ಅವತ್ತೇ ಬೇಕು ಅಂದ್ರೆ ಮಾತ್ರ. ರಾಜ್ಯೋತ್ಸವದ ಪೋಸ್ಟರನ್ನ ಅಕ್ಟೋಬರ್ 20ಕ್ಕೆ ಕೇಳಿದ್ರೆ ಮಾಮೂಲಿ ರೇಟಿಗೇ ಸಿಗುತ್ತೆ. ರಾಜ್ಯೋತ್ಸವ ಯಾವತ್ತು ಬರುತ್ತೆ ಅನ್ನೋದು ಯಾರಿಗೂ ಗುಟ್ಟಲ್ಲ.

5/6
ಈಗ ಬೈಗುಳ ನಮ್ಮವರಿಗೇ. "ನೀವಾಗಲ್ಲ ಅಂದ್ರೆ ಇನ್ನೊಬ್ರು 500ಕ್ಕೆ ಮಾಡ್ತಾರೆ" ಅಂತ ಕ್ಲೈಂಟ್ ಹೇಳಿದಾಗ ಆ ಇನ್ನೊಬ್ರು ಬೇರೆ ಗ್ರಹದವರಲ್ಲ ಮಗಾ. ನಮ್ಮ ಕ್ಲಾಸ್‌ನ ಗ್ರೂಪಲ್ಲೇ ಇರ್ತಾರೆ. ಶುರುವಲ್ಲಿ ಕಮ್ಮಿ ರೇಟು ಇಡಿ, ಪರವಾಗಿಲ್ಲ, ಫೀಸು ಕಟ್ಟೋ ಒತ್ತಡ ಎಲ್ಲರಿಗೂ ಒಂದೇ ಅಲ್ಲ. 1,200 ಇದ್ರೆ ಹಬ್ಬಕ್ಕೆ 2,400 ಕೇಳಿ. ಮೊತ್ತ ಬೇರೆ ಇರಲಿ, ಪಟ್ಟು ಒಂದೇ ಇರಲಿ.

ಇನ್ನೊಂದು. ನನ್ನ ಪಟ್ಟಿಯಲ್ಲಿ ಯುಗಾದಿ, ದೀಪಾವಳಿ ಇದೆ. ನಿಮ್ಮದರಲ್ಲಿ ರಂಜಾನ್ ಇರಬಹುದು, ಕ್ರಿಸ್‌ಮಸ್ ಇರಬಹುದು, ಊರಮ್ಮನ ಹಬ್ಬ ಇರಬಹುದು. ಆ ಐದನ್ನ ನೀವೇ ಆರಿಸಿ, ಕ್ಲೈಂಟ್ ಕ್ಯಾಲೆಂಡರ್ ನೋಡ್ಕೊಂಡು ಅಲ್ಲ. ಹೊರದೇಶದ ಕ್ಲೈಂಟ್‌ಗೆ ನಿಮ್ಮ ಹಬ್ಬ ಗೊತ್ತಿರಲ್ಲ, ಜನವರಿಯಲ್ಲೇ ಪಟ್ಟಿ ಕಳಿಸಿಬಿಡಿ.

6/6
ಕೊಟೇಶನ್‌ನಲ್ಲಿ ಹಾಕೋ ಸಾಲು, ಕಾಪಿ ಮಾಡ್ಕೊಳ್ಳಿ:

"ಕೆಳಗಿನ ಹತ್ತು ದಿನಗಳು ರಜೆ. ಆ ದಿನಗಳಲ್ಲಿ ಕೆಲಸ ಅಥವಾ ತಿದ್ದುಪಡಿ ಬೇಕಾದರೆ ದಿನದ ದರದ 2 ಪಟ್ಟು. ಮೂರು ದಿನ ಮುಂಚೆ ತಿಳಿಸಬೇಕು, ಅರ್ಧ ಹಣ ಮುಂಗಡ."

ತಿದ್ದುಪಡಿ ಅನ್ನೋ ಪದ ಬಿಡ್ಬೇಡಿ, ಹಬ್ಬದ ದಿನ ಹಾಳಾಗೋದು ಅದರಿಂದಲೇ. ಕೆಲಸ ಶುರು ಆದ್ಮೇಲೆ ಈ ಸಾಲು ಕಳಿಸಿದ್ರೆ ಜಗಳ, ಮೊದಲೇ ಕಳಿಸಿದ್ರೆ ನಿಯಮ. ಕೆಲವರು ಓದಿ ಬಿಟ್ಟು ಹೋಗ್ತಾರೆ. ಹೋಗ್ಲಿ, ಆ ದಿನ ಮನೇಲಿ ಹೋಳಿಗೆ ಇರುತ್ತೆ.

ನಿಮ್ಮ ಹತ್ತು ದಿನ ಯಾವುವು? ಕೆಳಗೆ ಬರೀರಿ. 500ಕ್ಕೆ ಮಾಡೋ ಗೆಳೆಯರನ್ನ ಟ್ಯಾಗ್ ಮಾಡಿ, ಪ್ರೀತಿಯಿಂದ.

#ಹಬ್ಬದರೇಟು #ಎರಡುಪಟ್ಟು